ಅಂಗಳದ ಕೆಳಗೆ ಮೊಳೆತ ಜೋಳ

ನಮ್ಮ ಮನೆಯ ಜೋಳ ಮನೆಯೊಳಗೆ ಇರುತ್ತಿರಲಿಲ್ಲ, ಅಂಗಳದ ಮಣ್ಣಿನ ಕೆಳಗೆ ಇರುತ್ತಿತ್ತು. ಯರಗಟ್ಟಿಯ ಸಂತೆಗೆ ಬೆಳಿಗ್ಗೆ ಚಕ್ಕಡಿ ಹೂಡಿದರೆ ಹೊತ್ತು ಮುಳುಗುವುದರೊಳಗೆ ತಿರುಗಿ ಬರಬಹುದಾದ ಕರಿಮಣ್ಣಿನ ಊರು ನಮ್ಮದು. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಾಗಿರುತ್ತಿದ್ದ ಅಡಿಗೆಮನೆ. ಮಣ್ಣಿನ ಮಾಳಿಗೆಯಲ್ಲಿ ಒಂದೇ ಒಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಅದರ ಮೇಲೆ ಒಡಕು ಗಡಿಗೆ ಬೋರಲು ಹಾಕಬೇಕು, ಆಮೇಲೆ ಮಳೆ ನಿಲ್ಲುವವರೆಗೆ ಒಲೆಯ ಬೆಳಕೇ ಬೆಳಕು. ಜೋಳ ತುಂಬಿಡುವ ಹಗೇವು ಇದ್ದದ್ದು ಹೊರಗೆ, ಅಂಗಳದ ನಡುವೆ. ಹೊಸಬರಿಗೆ ಅದು ಕಾಣುತ್ತಲೂ ಇರಲಿಲ್ಲ. ದುಂಡನೆಯ ಒಂದು ಚಪ್ಪಟೆ ಕಲ್ಲು, ಅದರ ಸುತ್ತ ಸೆಗಣಿ ಸಾರಿಸಿದ ನೆಲ, ಅಷ್ಟೇ. ಆದರೆ ಆ ಕಲ್ಲು ಸರಿಸಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ, ಬಾಯಿಯ ಕೆಳಗೆ ಗಡಿಗೆಯ ಹೊಟ್ಟೆಯಂತೆ ಅಗಲವಾಗುತ್ತ ಹೋಗುವ ಆಳದ ಕುಣಿ. ಸುಗ್ಗಿ ಮುಗಿದ ಮೇಲೆ ಅದರ ಗೋಡೆಗೆಲ್ಲ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಹೊಟ್ಟು ತುರುಕಿ, ಕಲ್ಲು ಮುಚ್ಚಿ ಹಸಿಮಣ್ಣು ಮೆತ್ತುತ್ತಿದ್ದರು. ಹಾಗೆ ಮುಚ್ಚಿದ ಜೋಳ ಎರಡು ವರ್ಷವಾದರೂ ಕೆಡುತ್ತಿರಲಿಲ್ಲ. "ನೀರು ತಾಗದಿದ್ರ ಬೀಜಕ್ಕ ವಯಸ್ಸ ಆಗೂದಿಲ್ಲ" ಅನ್ನುತ್ತಿದ್ದಳು ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ.

ಮನೆಯಲ್ಲಿ ನಾವು ಐವರು. ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಬಸು ಕಾಕಾ ಮತ್ತು ನಾನು. ಆಯಿ ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಬೆಳೆಸಿದವಳು. ಮಾತು ಕಡಿಮೆ, ಹುಬ್ಬಿನಲ್ಲೇ ಮನೆ ನಡೆಸುತ್ತಿದ್ದಳು. ಅಪ್ಪ ಅವಳ ಮುಂದೆ ಕೂತು ಉಣ್ಣುವಾಗಲೂ ತಲೆ ಎತ್ತುತ್ತಿರಲಿಲ್ಲ. ಬಸು ಕಾಕಾ ಹಾಗಲ್ಲ. ಅವನಿಗೆ ಮದುವೆ ಗೊತ್ತಾಗಿತ್ತು, ಮನೋಳಿಯ ಹುಡುಗಿ. ಅವನು ನನ್ನ ತಾಟಿನಿಂದ ರೊಟ್ಟಿ ಕದಿಯುತ್ತಿದ್ದ, ಆಯಿಯನ್ನೂ ನಗಿಸುತ್ತಿದ್ದ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅವ್ವನ ಜೊತೆ ಹರಟುತ್ತ ಕಾಯಿಪಲ್ಯೆ ಸೋಸಿಕೊಡುತ್ತಿದ್ದ. ಆ ಬೇಸಿಗೆಯಲ್ಲಿ ಅವ್ವ ಬಚ್ಚಲಿನ ನೀರು ಹೊರಗೆ ಹೋಗುವ ಕಡೆ ಒಂದು ಹೀರೆಬೀಜ ಊರಿದಾಗ, ಅದಕ್ಕೆ ಚಪ್ಪರ ಕಟ್ಟಿಕೊಟ್ಟವನೂ ಅವನೇ. ಮೈ ತೊಳೆದ ನೀರು ಸುಮ್ಮನೆ ಹರಿದು ಹೋಗದಂತೆ ಅವ್ವ ಕಳೆ ತೆಗೆಯುವ ಕುರ್ಚಿಗಿಯಿಂದ ಸಣ್ಣ ಕಾಲುವೆ ತೆಗೆದಳು. ಬಳ್ಳಿ ನಮ್ಮ ಕಣ್ಣೆದುರೇ ಏರಿತು. ಬೆಳಿಗ್ಗೆ ಹಂಬು ಎಲ್ಲಿತ್ತೆಂದು ನಾನು ಇದ್ದಲಿಯಿಂದ ಗುರುತು ಮಾಡಿದರೆ, ಸಂಜೆಗೆ ಅದು ಗುರುತು ದಾಟಿ ಹೋಗಿರುತ್ತಿತ್ತು. ಆಯಿಗೆ ಮಾತ್ರ ಅದು ಸರಿ ಬರಲಿಲ್ಲ.

"ಈರವ್ವಾ, ಹಗೇದ ಹತ್ತರ ನೀರು ನಿಂದರಸಬ್ಯಾಡ."

"ಹಗೇವು ಎಲ್ಲೈತಿ, ಬಳ್ಳಿ ಎಲ್ಲೈತ್ರಿ ಅತ್ತಿ. ಎಂಟ ಹೆಜ್ಜಿ ದೂರ ಐತಿ."

"ನೀರಿಗೆ ಎಂಟ ಹೆಜ್ಜಿ ಏನ ದೂರ?"

ಅವ್ವ ಕಾಲುವೆ ಮುಚ್ಚಲಿಲ್ಲ. ಅವಳು ಹಟಮಾರಿ ಅಲ್ಲ. ಆ ಮನೆಯಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಬಳ್ಳಿ ಒಂದೇ ಎಂದು ನನಗೆ ಈಗ ಅನ್ನಿಸುತ್ತದೆ.

ಆ ವರ್ಷ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಾರದ್ದಕ್ಕೆ ಅಳುವುದು ರೂಢಿ. ಬಂದ ಮಳೆ ಹೋಗದೆ ಇರುವುದು ನಮಗೆ ಗೊತ್ತಿರಲಿಲ್ಲ. ಎರಡು ವಾರ ಬಿಸಿಲು ಕಾಣಲಿಲ್ಲ. ಮಾಳಿಗೆ ಸೋರಿ ಪಡಸಾಲೆಯ ತುಂಬ ಪಾತ್ರೆ ಇಟ್ಟಿದ್ದೆವು. ಕುಳ್ಳು ತೊಯ್ದು ಒಲೆ ಹೊಗೆಯಾಡುತ್ತಿತ್ತು, ಹೊದಿಕೆ ಒಣಗುತ್ತಿರಲಿಲ್ಲ. ನನಗೆ ಆಗ ಒಂಬತ್ತೋ ಹತ್ತೋ. ಸದಾ ಚಳಿ. ಒಂದು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಅಂಗಳ ದಾಟುತ್ತ ಹಗೇವಿನ ಕಲ್ಲಿನ ಮೇಲೆ ಬರಿಗಾಲಿಟ್ಟೆ. ಕಲ್ಲು ಬೆಚ್ಚಗಿತ್ತು. ರೊಟ್ಟಿ ಮಾಡಿ ಇಳಿಸಿದ ಹಂಚು ಆರುವಾಗ ಇರುತ್ತದಲ್ಲ, ಅಷ್ಟು ಹದವಾದ ಬಿಸಿ. ನಾನು ಅಲ್ಲೇ ಕೂತುಬಿಟ್ಟೆ. ಮರುದಿನವೂ ಕೂತೆ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಕಾಲು ಮಡಚಿ, ಐದಾರು ದಿನ ಹಾಗೇ ಕೂತೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಬಂದು ಕೂಡುತ್ತಾರೆ ಎಂದು ನನ್ನ ಭಯ. ಮಣ್ಣಿನಿಂದ ಹುಳಿ ಅಂಬಲಿಯಂಥ ವಾಸನೆ ಬರುತ್ತಿತ್ತು, ಅದೂ ನನಗೆ ಚೆನ್ನಾಗಿಯೇ ಅನಿಸಿತ್ತು.

ಕಂಡುಹಿಡಿದವಳು ಆಯಿ. ಬೆಳಿಗ್ಗೆ ಅಂಗಳ ಕಸ ಹೊಡೆಯಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಕಲ್ಲಿನ ಅಂಚಿನ ಬಿರುಕಿನಿಂದ ಎರಡು ಮೊಳಕೆ ಹೊರಗೆ ಬಂದಿದ್ದವು. ಹಸಿರಲ್ಲ, ಬೆಳ್ಳಗೆ, ಬೆಳಕನ್ನೇ ಕಾಣದವು. ಆಯಿ ಕೈಯಲ್ಲಿದ್ದ ಕಸಬರಿಗೆ ಬಿಟ್ಟು ಎರಡೂ ಕೈಯಿಂದ ಹಣೆ ಬಡಿದುಕೊಂಡಳು.

"ಮಲ್ಲಪ್ಪಾ! ಬಸ್ಯಾ! ಹಗೇದಾಗ ನೀರು ಹೊಕ್ಕೈತಿ! ಜ್ವಾಳ ನಾಟಾಕ ಹತ್ತೈತಿ!"

ಹಗೇವು ತೆಗೆಯುವುದಕ್ಕೆ ಒಂದು ಪದ್ಧತಿ ಇತ್ತು, ಊರಿನ ಮಕ್ಕಳಿಗೂ ಅದು ಗೊತ್ತು. ಕಲ್ಲು ಸರಿಸಿ ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದು ಬಿಡಬೇಕು. ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಆದರೆ ಅವತ್ತು ಆಕಾಶ ಕಪ್ಪಗಿತ್ತು. ಬಾಯಿ ತೆರೆದು ಬಿಟ್ಟರೆ ಮೇಲಿನಿಂದಲೂ ನೀರು. ಮುಚ್ಚಿ ಬಿಟ್ಟರೆ ಒಳಗಿನ ಜೋಳ ತಾಸು ತಾಸಿಗೆ ಮೊಳೆಯುತ್ತ ಕೊಳೆಯುತ್ತ ಹೋಗುತ್ತದೆ. ವರ್ಷದ ಅನ್ನ, ಬಿತ್ತುವ ಬೀಜ, ಕಾಕಾನ ಮದುವೆಯ ಊಟ, ಎಲ್ಲ ಅದರೊಳಗೇ. ಪಡಸಾಲೆಯ ಮೂಲೆಯಲ್ಲಿ ತಿನ್ನಲು ಇದ್ದದ್ದು ಅರ್ಧ ಚೀಲ. ಅಪ್ಪ ಆಯಿಯ ಮುಖ ನೋಡಿದ. ಆಯಿ ಆಕಾಶ ನೋಡಿದಳು. ಕಾಕಾ ಆಗಲೇ ಕಬ್ಬಿಣದ ಹಾರೆ ತಂದು ಕಲ್ಲಿನ ಕೆಳಗೆ ಹಾಕಿದ್ದ.

ಕಲ್ಲು ಸರಿದಾಗ ಉಗಿ ಎದ್ದಿತು. ಹೊಟ್ಟು ತೆಗೆದರೆ ಅದರ ಕೆಳಗೆ ಜೋಳ ಕಾಣಲೇ ಇಲ್ಲ. ಬಿಳಿ ಬೇರು, ಬಿಳಿ ಮೊಳಕೆ ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತಾಗಿತ್ತು. ಅಪ್ಪ ಕಂದೀಲು ಇಳಿಬಿಟ್ಟ. ಬಾಯಿಯ ಹತ್ತಿರ ಉರಿಯಿತು, ಇನ್ನೊಂದು ಮೊಳ ಇಳಿದಾಗ ಸಣ್ಣದಾಗಿ ಆರಿಹೋಯಿತು.

"ದೀಪ ಆರಿತ್ರಿ," ಎಂದಳು ಅವ್ವ.

"ಮಳಿಗಾಳಿಗೆ ಆರೇತಿ ವೈನಿ," ಎಂದ ಕಾಕಾ. "ನಾ ಏನ ತಳಕ್ಕ ಇಳೀತೇನೇನ್ರಿ? ಬಾಯಾಗ ನಿಂತು ಮ್ಯಾಲಿಂದ ಮ್ಯಾಲ ತುಂಬಿ ಕೊಡತೇನಿ. ನನ್ನ ತಲಿ ಹೊರಗ ಇರತೈತಿ, ನೋಡ್ರಿ."

ಆಯಿ ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ.

ಮಳೆ ಶುರುವಾಯಿತು. ಅವ್ವ ಮತ್ತು ನಾನು ಬಾಯಿಯ ಮೇಲೆ ತಾಡಪತ್ರಿ ಎತ್ತಿ ಹಿಡಿದು ನಿಂತೆವು. ಕಾಕಾ ಇಳಿದ. ಮೊದಲು ಅವನ ಎದೆ ಹೊರಗಿತ್ತು. ಬುಟ್ಟಿ ತುಂಬಿ ಕೊಟ್ಟರೆ ಅಪ್ಪ ಹೊತ್ತೊಯ್ದು ಪಡಸಾಲೆಯಲ್ಲಿ ಸುರಿದು ಬರುತ್ತಿದ್ದ. ಹತ್ತು ಬುಟ್ಟಿ, ಹದಿನೈದು ಬುಟ್ಟಿ. ಕಾಕಾ ಮಾತಾಡುತ್ತಲೇ ಇದ್ದ. "ನೀಲವ್ವಾ, ಒಳಗ ಎಷ್ಟ ಬೆಚ್ಚಗೈತಿ ಗೊತ್ತೇನ? ನೀನೂ ಬರತೀಯೇನ?" ಎಂದು ನನ್ನನ್ನು ಕೇಳಿದ. ಜೋಳ ಇಳಿದಂತೆ ಅವನೂ ಇಳಿದ. ಭುಜ ಒಳಗೆ ಹೋಯಿತು, ಆಮೇಲೆ ಕೂದಲು ಮಾತ್ರ ಕಾಣುತ್ತಿತ್ತು. ತಲೆನೋವು ಬರುತ್ತಿದೆ ಎಂದ. ಮ್ಯಾಲ ಬಾ ಬಸಣ್ಣಾ, ಸಾಕು ಎಂದಳು ಅವ್ವ. ಇದೊಂದು ಬುಟ್ಟಿ ಎಂದು ಬಗ್ಗಿದ. ಅಪ್ಪ ಕೈ ಚಾಚಿ ಕಾಯುತ್ತ ನಿಂತ. ಬುಟ್ಟಿ ಮೇಲೆ ಬರಲಿಲ್ಲ.

ಅವ್ವ ತಾಡಪತ್ರಿ ಬಿಟ್ಟು ಇಣುಕಿದಳು. ನಾನೂ ಇಣುಕಿದೆ. ಕಾಕಾ ಮೊಣಕಾಲೂರಿ, ಮುಖವನ್ನು ಮೊಳಕೆಯಲ್ಲಿಟ್ಟು ಮಲಗಿದ್ದ. ಅಪ್ಪ ಎರಡೂ ಕಾಲು ಬಾಯಿಯೊಳಗೆ ಬಿಟ್ಟ. ಅವ್ವ ಹಿಂದಿನಿಂದ ಅವನ ಸೊಂಟಕ್ಕೆ ಜೋತುಬಿದ್ದಳು. ಅವನು ಕೊಡವಿದ. ಅವಳು ಕೆಸರಿನಲ್ಲಿ ಬಿದ್ದು, ಎದ್ದು ಅವನನ್ನು ಎಳೆದು ಹಿಂದಕ್ಕೆ ಕೆಡವಿ, ಹಗೇವಿನ ಬಾಯಿಯ ಮೇಲೆ ತಾನೇ ಅಡ್ಡ ಮಲಗಿಬಿಟ್ಟಳು.

"ನನ್ನ ತುಳದ ಇಳೀರಿ! ನನ್ನ ಕೊಂದ ಇಳೀರಿ! ದೀಪ ಆರೇತ್ರಿ, ದೀಪ ಆರೇತಿ!"

"ಏಳ, ರಂಡಿ!" ಆಯಿ ಅವಳ ಕೂದಲು ಹಿಡಿದು ಎಳೆಯುತ್ತಿದ್ದಳು. "ಅವನ್ನ ಬಿಡ! ತಮ್ಮನ್ನ ತರಲಿ, ಬಿಡ! ನನ್ನ ಮಗಾ ಒಳಗದಾನ!"

ಅವ್ವ ಏಳಲಿಲ್ಲ. ಓಣಿಯ ಗಂಡಸರು ಓಡಿ ಬಂದರು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ಹಗ್ಗ ಕಟ್ಟಿ ಇಳಿಬಿಟ್ಟು, ಆ ಕೊಂಡಿಗಳಿಂದ ಕಾಕಾನ ಉಡದಾರಕ್ಕೆ, ಧೋತರಕ್ಕೆ, ಸಿಕ್ಕಿದ್ದಕ್ಕೆ ಹಾಕಿ ಎಳೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಬಂದ. ಅವನ ಗಲ್ಲಕ್ಕೆ ಮೊಳಕೆ ಅಂಟಿದ್ದವು. ಅಪ್ಪ ಅವನ ಅಂಗಾಲು ತಿಕ್ಕಿದ, ಯಾರೋ ಎದೆ ಒತ್ತಿದರು, ಯಾರೋ ಬೈಲಹೊಂಗಲದ ದವಾಖಾನೆಗೆ ಒಯ್ಯೋಣ ಎಂದರು. ಹಳ್ಳ ತುಂಬಿದೆ, ಚಕ್ಕಡಿ ದಾಟುವುದಿಲ್ಲ ಎಂದರು. ಒಬ್ಬ ಮುದುಕ ಕಾಕಾನ ಮೂಗಿನ ಹತ್ತಿರ ಕೈ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಕೈ ತೆಗೆದ.

ನಮ್ಮವರು ಸತ್ತವರನ್ನು ಸುಡುವುದಿಲ್ಲ. ಕುಣಿಯಲ್ಲಿ ಕೂಡ್ರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ, ನಾನು ಹಿಂದಿನಿಂದ ಹೋದೆ. ಅವನನ್ನು ಇಳಿಸುವಾಗ ನಾನು ಚೀರಿದ್ದು ಊರಿಗೇ ಕೇಳಿಸಿತಂತೆ. ದೀಪ ಹಚ್ಚಿ ನೋಡ್ರಿ, ಮೊದಲು ದೀಪ ಹಚ್ಚಿ ನೋಡ್ರಿ ಎಂದು ಚೀರುತ್ತಿದ್ದೆನಂತೆ. ನನಗೆ ಅದರ ನೆನಪಿಲ್ಲ.

ಮುಂದೆ ನಾನು ರಾಮದುರ್ಗದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದೆ. ಪ್ರತಿ ವರ್ಷ ಒದ್ದೆ ಅರಳೆಯಲ್ಲಿ ಹೆಸರುಕಾಳು ಇಟ್ಟು ತೋರಿಸಬೇಕಾದ ಪಾಠ ಬರುತ್ತಿತ್ತು. ಬೀಜ ನೀರು ಕುಡಿದು ಉಬ್ಬುತ್ತದೆ, ಉಸಿರಾಡತೊಡಗುತ್ತದೆ, ಬಿಸಿಯಾಗುತ್ತದೆ. ಬೇರು ನೀರಿರುವ ಕಡೆಗೆ ಬಾಗುತ್ತದೆ. "ಬೀಜ ಉಸಿರಾಡತಾವೇನ್ರಿ ಟೀಚರ್?" ಎಂದು ಯಾವುದಾದರೂ ಮಗು ಕೇಳುತ್ತಿತ್ತು. ಆಡುತ್ತವೆ ಎಂದು ಹೇಳಿ ನಾನು ಬೋರ್ಡಿನ ಕಡೆ ತಿರುಗುತ್ತಿದ್ದೆ. ಒಂದು ಕುಣಿಯ ತುಂಬ ಜೋಳ ಒಮ್ಮೆಲೇ ಉಸಿರಾಡಿದರೆ ಮನುಷ್ಯನಿಗೆ ಗಾಳಿ ಉಳಿಯುವುದಿಲ್ಲ. ನೀರು ಬಂದರೆ ಬೀಜ ಏಳುತ್ತದೆ. ಹೊಲವೋ ಹಗೇವೋ ಎಂದು ಅದು ಕೇಳುವುದಿಲ್ಲ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ ತಿಳಿದದ್ದು ಬಹಳ ತಡವಾಗಿ.

ಅವತ್ತು ಇದನ್ನು ಹೇಳುವವರು ಯಾರೂ ಇರಲಿಲ್ಲ. ಮಳೆ ನಿಂತ ಮೇಲೆ ಊರವರು ಸೇರಿ ಹಗೇವಿನ ಬಾಯಿ ಅಗಲವಾಗಿ ಒಡೆದು, ಗಾಳಿ ಆಡಲು ಬಿಟ್ಟು, ಜೋಳ ತೆಗೆದರು. ಬಚ್ಚಲಿನ ಕಡೆಯ ಗೋಡೆಯ ಹುಲ್ಲಿನಲ್ಲಿ ಹೀರೆಬಳ್ಳಿಯ ಬೇರುಗಳಿದ್ದವು. ಎಂಟು ಹೆಜ್ಜೆ ನೆಲದ ಕೆಳಗೆ ನಡೆದು ಬಂದು, ಅಲ್ಲಿ ಕೂದಲಿನಂತೆ ಕವಲೊಡೆದಿದ್ದವು. ಆಯಿ ಆ ಬೇರನ್ನು ಮುಷ್ಟಿಯಲ್ಲಿ ಕಿತ್ತು ತಂದು ಅಡಿಗೆಮನೆಯಲ್ಲಿ ಅವ್ವನ ಮುಂದೆ ಎಸೆದಳು.

"ನೋಡು. ಇದು ನೀರು ತಂತು. ನಿನ್ನ ಬಳ್ಳಿ ನನ್ನ ಮಗನ್ನ ತಿಂತು. ಇನ್ನ ಉಳದದ್ದನ್ನ ನೀ ಅಡ್ಡ ಮಲಗಿ ತಿಂದಿ."

ಬೇರು ನೀರನ್ನು ತರುವುದಿಲ್ಲ, ನೀರು ಇದ್ದಲ್ಲಿಗೆ ಹೋಗುತ್ತದೆ. ಕುಣಿ ಮೊದಲೇ ತೊಯ್ದಿದ್ದಕ್ಕೇ ಬಳ್ಳಿ ಅಲ್ಲಿಗೆ ಬಂದಿರಬೇಕು. ಅದೇ ಮಗ್ಗಲಲ್ಲಿ ಇಲಿಯ ಬಿಲವೂ ಒಂದಿತ್ತು, ಮಳೆಯ ನೀರು ಅದರಿಂದಲೇ ಇಳಿದಿರಬಹುದು. ಅಥವಾ ಬಚ್ಚಲಿನ ನೀರೇ ಇರಬಹುದು. ಅವ್ವ ಹೊರಗೆ ಹೋಗಿ, ಕಾಯಿ ತುಂಬಿ ತೂಗುತ್ತಿದ್ದ ಬಳ್ಳಿಯನ್ನು ಬುಡದಲ್ಲಿ ಕೊಯ್ದು, ಕಾಕಾ ಕಟ್ಟಿದ ಚಪ್ಪರವನ್ನು ಕಿತ್ತು ಒಲೆಗೆ ಹಾಕಿದಳು.

ತೆಗೆದ ಜೋಳದಲ್ಲಿ ಅರ್ಧ ತಿಪ್ಪೆಗೆ ಹೋಯಿತು. ಉಳಿದದ್ದನ್ನು ಅವ್ವ ಹಂಚಿನ ಮೇಲೆ ಹುರಿದು, ಬಿಸಿಲು ಬಿದ್ದಾಗ ಮಾಳಿಗೆಯ ಮೇಲೆ ಹರವಿ, ಅಂಗೈಯಲ್ಲಿ ತಿಕ್ಕಿ ತಿಕ್ಕಿ ಮೊಳಕೆ ಉದುರಿಸಿದಳು. ಎಳೆ ಜೋಳದ ಮೊಳಕೆ ವಿಷ, ದನ ತಿಂದರೆ ಸಾಯುತ್ತವೆ. ಉದುರಿದ್ದನ್ನೆಲ್ಲ ಬಳಿದು ಮಣ್ಣಲ್ಲಿ ಹೂಳಬೇಕಿತ್ತು. ಅವಳ ಅಂಗೈ ಸುಲಿದು ಕೆಂಪಾಗಿತ್ತು. ಆ ಹಿಟ್ಟಿಗೆ ರೊಟ್ಟಿ ಹತ್ತುತ್ತಿರಲಿಲ್ಲ. ತಟ್ಟಿದರೆ ಹರಿಯುತ್ತಿತ್ತು, ಬಾಯಿಗೆ ಅಸಹ್ಯ ಸಿಹಿ. ಅಂಬಲಿ ಕಾಯಿಸಿ ಕುಡಿಯುತ್ತಿದ್ದೆವು, ಅದೂ ಅಳೆದು. ಆಯಿ ಅವ್ವನ ಕೈಯ ಅಂಬಲಿಯನ್ನೂ ಮುಟ್ಟಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ತನ್ನ ಪಾಲಿನ ಹಿಟ್ಟು ತಾನೇ ಕುದಿಸಿಕೊಳ್ಳುತ್ತಿದ್ದಳು, ಕೆಲವು ದಿನ ಅದನ್ನೂ ಮಾಡುತ್ತಿರಲಿಲ್ಲ. ಅಪ್ಪ ಎತ್ತಿನ ಹತ್ತಿರ ಮಲಗತೊಡಗಿದ. ತನ್ನ ಜೀವ ಉಳಿಸಿದವಳ ಮುಖವನ್ನು ಅವನು ನೋಡುತ್ತಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದವಳು ಅವ್ವ ಒಬ್ಬಳೇ, ಅದೂ ನನ್ನ ಜೊತೆ ಮಾತ್ರ, ಪಿಸುದನಿಯಲ್ಲಿ. ನನಗೆ ಅವಳ ಮುಂದೆ ಕೂಡಲು ಆಗುತ್ತಿರಲಿಲ್ಲ. ಆ ಕಲ್ಲಿನ ಮೇಲೆ ಕೂತ ಐದಾರು ದಿನದ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಮೊದಲನೆಯ ದಿನವೇ ಹೇಳಿದ್ದರೆ, ಬಿಡುವಾಗಿ ತೆಗೆಯಬಹುದಿತ್ತು, ಗಾಳಿಗೆ ಬಿಡಬಹುದಿತ್ತು. ಊಟ ಬಿಟ್ಟೆ. ನನ್ನ ಪಾಲನ್ನು ಓಣಿಯ ನಾಯಿಗೆ ಸುರಿದುಬಿಡುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಆಯಿ ಅಪ್ಪನನ್ನು ಕರೆದು, ಅವ್ವ ಕೇಳುವಂತೆಯೇ ಹೇಳಿದಳು.

"ಆಕಿನ್ನ ತೊರಗಲ್ಲಿಗೆ ಬಿಟ್ಟ ಬಾ. ಆಕಿ ತವರಮನ್ಯಾಗ ಇರಲಿ. ನನ್ನ ಕಣ್ಣ ಮುಂದ ಬ್ಯಾಡ."

ಅಪ್ಪ ಬೇಡ ಅನ್ನುತ್ತಾನೆ ಎಂದು ನಾನು ಕಾದೆ. ಅವನು ಹೆಗಲ ಮೇಲಿನ ಟಾವೆಲ್ಲು ಕೊಡವಿ, "ಹೂಂ" ಎಂದ. ಅವ್ವ ಎರಡು ಸೀರೆ ಗಂಟು ಕಟ್ಟಿದಳು. ನನ್ನನ್ನು ಬಿಟ್ಟು ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಕರೆದುಕೊಂಡು ಹೋಗು ಎಂದೂ ಹೇಳಿರಲಿಲ್ಲ. ಅವಳು ನನ್ನ ತಲೆ ಬಾಚಿ, ಎಣ್ಣೆ ಹಚ್ಚಿ, "ಆಯಿ ಮಾತು ಕೇಳು" ಎಂದಳು. ಅಂಗಳದಲ್ಲಿ ಅಪ್ಪ ಎತ್ತಿಗೆ ನೊಗ ಹಾಕುವ ಸಪ್ಪಳ ಕೇಳಿಸಿತು. ನಾನು ಎದ್ದು ಆಯಿಯ ಹತ್ತಿರ ಓಡಿದೆ. ಆಯಿ ದೇವರ ಗೂಡಿನ ಮುಂದೆ ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು.

"ಆಯಿ, ಕಲ್ಲು ಬೆಚ್ಚಗಿತ್ತು."

"ಯಾವ ಕಲ್ಲು?"

"ಹಗೇದ ಕಲ್ಲು. ಕಾಕಾ ಸಾಯೂದಕ್ಕಿಂತ ಮೊದಲ ಐದಾರ ದಿನ. ನಾ ದಿನಾ ಅದರ ಮ್ಯಾಲ ಕುಂದರತಿದ್ದೆ. ವಾಸನೀನೂ ಬರತಿತ್ತು. ನಾ ಯಾರಿಗೂ ಹೇಳಲಿಲ್ಲ. ಅವ್ವನ್ನ ಕಳಸಬ್ಯಾಡ ಆಯಿ. ನನ್ನ ಕಳಸು."

ಆಯಿಯ ಮೂರು ಬೆರಳು ಹಣೆಯ ಮೇಲೇ ನಿಂತವು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ನನ್ನ ಗದ್ದವನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು.

"ಈ ಮಾತು ಯಾರ ಮುಂದರ ಆಡೀಯೇನ?"

"ಇಲ್ಲ."

"ನಿಮ್ಮಪ್ಪನ ಮುಂದ?"

"ಇಲ್ಲ ಆಯಿ."

"ಆಡಬ್ಯಾಡ. ಸಾಯೂತನಕ ಯಾರ ಮುಂದೂ ಆಡಬ್ಯಾಡ. ನೀ ಸಣ್ಣಾಕಿ, ನಿನಗೇನ ತಿಳೀತೈತಿ? ಬಿಸಲಿಗೆ ಕಲ್ಲು ಕಾದಿತ್ತು, ಅಷ್ಟ."

"ಬಿಸಲು ಇರಲಿಲ್ಲ ಆಯಿ. ಮಳಿ ಇತ್ತು."

"ಇತ್ತು," ಎಂದಳು ಆಯಿ. "ಬಿಸಲು ಇತ್ತು. ನಾ ನೋಡೇನಿ."

ಅವಳು ಗೋಡೆ ಹಿಡಿದು ಎದ್ದಳು. ಆ ನಾಲ್ಕು ತಿಂಗಳಲ್ಲಿ ಅವಳು ಎಷ್ಟು ಸೊರಗಿದ್ದಳೆಂದು ನಾನು ಕಂಡದ್ದು ಆಗಲೇ. ತಲಬಾಗಿಲಿಗೆ ಹೋಗಿ, ಚಕ್ಕಡಿ ಬಿಚ್ಚು ಎಂದು ಅಪ್ಪನಿಗೆ ಹೇಳಿದಳು. ಅವನು ನೊಗ ಇಳಿಸಿ, ಅದರ ಮೇಲೆಯೇ ತಲೆಯಿಟ್ಟು ನಿಂತ. ಆಯಿ ಅಡಿಗೆಮನೆಗೆ ಬಂದು, ಗಂಟಿನ ಪಕ್ಕ ನಿಂತಿದ್ದ ಅವ್ವನನ್ನು ನೋಡದೆ, ಒಲೆಯ ಮುಂದೆ ಕೂತಳು.

"ಹಾಕು," ಎಂದಳು.

ಅವ್ವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಾಟು ತೊಳೆದು ತಂದು, ಅಂಬಲಿ ಬಡಿಸಿದಳು. ಸೌಟು ತಾಟಿಗೆ ತಾಗಿ ಟಣಟಣ ಸಪ್ಪಳವಾಗುತ್ತಿತ್ತು. ಆಯಿ ನನ್ನನ್ನು ಕರೆದು ತನ್ನ ತೊಡೆಗೆ ತಾಗಿಸಿ ಕೂಡ್ರಿಸಿಕೊಂಡಳು. ತಾನೊಂದು ಗುಟುಕು ಕುಡಿದು ನನಗೊಂದು ಗುಟುಕು ಕುಡಿಸಿದಳು. ನಾನು ಬಾಯಿ ಬಿಗಿದರೆ ಗದ್ದ ಒತ್ತಿ ತೆರೆಸಿದಳು. ತಾಟು ಅರ್ಧವಾದಾಗ ಅವ್ವನ ಕಡೆ ತಿರುಗಿದಳು.

"ನಿನಗ ಉಳದೈತೇನ?"

"ಐತ್ರಿ ಅತ್ತಿ."

ಆಯಿ ಅಂಬಲಿಯ ಡಬರಿಯನ್ನು ತನ್ನ ಕಡೆ ಎಳೆದುಕೊಂಡು ಬಗ್ಗಿಸಿ ನೋಡಿದಳು. ತಳಕ್ಕೆ ಅಂಟಿದ್ದು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ತನ್ನ ತಾಟಿನಲ್ಲಿ ಉಳಿದದ್ದನ್ನು ಅದಕ್ಕೆ ಸುರಿದು, ಡಬರಿಯನ್ನು ಅವ್ವನ ಮುಂದೆ ಸರಿಸಿ, ಅವಳು ಕುಡಿದು ಮುಗಿಸುವವರೆಗೆ ಅಲ್ಲಿಂದ ಏಳಲಿಲ್ಲ.